ಸ್ಪ್ರಿಂಗ್ ಕತ್ತರಿಸಿದರೆ ಹಾಟ್ ರಾಡ್ ಆಗುತ್ತದೆಯೇ? ಸತ್ಯಾಂಶ ಇಲ್ಲಿದೆ

ನೆಲಕ್ಕೆ ಅಂಟಿಕೊಂಡಂತೆ ನಿಂತ ಅಮೆರಿಕದ ಹಳೇ ಫೋರ್ಡ್ ಕಾರಿನ ಫೋಟೋ, ಕೆಳಗೆ ಒಂದು ಸಾಲು: ‘ಕಾಯಿಲ್ ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ್ದಾರೆ, ಕೂತರೆ ಸೊಂಟ ಮುರಿಯುವುದು ಗ್ಯಾರಂಟಿ.’ ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಈ ಮಾತು ಬಹುಪಾಲು ತಪ್ಪು.

ಹಾಟ್ ರಾಡ್ ಅಂದರೆ ವೇಗಕ್ಕೂ ನೋಟಕ್ಕೂ ಮಾರ್ಪಡಿಸಿದ ಹಳೇ ಕಾರು. ಅದನ್ನು ಮಾಡುವವರ ಅಚ್ಚುಮೆಚ್ಚು 1932ರ ಫೋರ್ಡ್. ಅದರಲ್ಲಿ ಕತ್ತರಿಸಲು ಕಾಯಿಲ್ ಸ್ಪ್ರಿಂಗೇ (ಸುರುಳಿ ಸ್ಪ್ರಿಂಗ್) ಇರಲಿಲ್ಲ! ಮುಂದೊಂದು, ಹಿಂದೊಂದು ಅಡ್ಡಲಾಗಿ ಕೂರಿಸಿದ, ಉಕ್ಕಿನ ಪಟ್ಟಿಗಳನ್ನು ಜೋಡಿಸಿ ಮಾಡಿದ ಪಟ್ಟಿ ಸ್ಪ್ರಿಂಗ್, ಅಷ್ಟೇ.

ಹಾಗಾದರೆ ಆ ತಗ್ಗು ಎಲ್ಲಿಂದ ಬಂತು? ಮುಖ್ಯವಾಗಿ ‘ಚಾನೆಲಿಂಗ್’ನಿಂದ. ಮೂಲದಲ್ಲಿ ಬಾಡಿ ಚಾಸಿಯ (ಕಾರಿನ ಅಡಿಯ ಉಕ್ಕಿನ ಚೌಕಟ್ಟು) ಮೇಲೆ ಕೂತಿರುತ್ತದೆ. ತಳದ ತಗಡನ್ನು ಕತ್ತರಿಸಿ, ಚಾಸಿಯ ಎರಡೂ ಬದಿಯ ಉದ್ದ ತೊಲೆಗಳು ಒಳಗೆ ಅಡಗುವಂತೆ ಬಾಡಿಯನ್ನು ಕೆಳಗಿಳಿಸಿ, ತಳವನ್ನು ಮತ್ತೆ ಮೇಲಕ್ಕೆ ಬೆಸುಗೆ ಹಾಕುತ್ತಾರೆ. ಚಾಸಿ ಇದ್ದ ಎತ್ತರದಲ್ಲೇ ಇರುತ್ತದೆ, ಸ್ಪ್ರಿಂಗ್ ಮುಟ್ಟಿರುವುದಿಲ್ಲ. ಕಿಟಕಿಯ ಕಂಬ ಕತ್ತರಿಸಿ ಚಾವಣಿ ತಗ್ಗಿಸುವ ‘ಚಾಪಿಂಗ್’ಗೂ ಸ್ಪ್ರಿಂಗಿಗೂ ಸಂಬಂಧವಿಲ್ಲ. ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ ರೇಸ್ ಓಡಿಸುತ್ತಿದ್ದವರು ಗಾಳಿಯ ತಡೆ ಕಡಿಮೆ ಮಾಡಲು ಇಂಥ ಉಪಾಯ ಹೂಡಿದರು. ನೋಟ ಚೆಂದವಾದದ್ದು ಲಾಭ.

ಕಷ್ಟ ಬೇರೆ ಕಡೆ ಇದೆ. ತಳ ಮೇಲೆ ಬಂದಿರುವುದರಿಂದ ಸೀಟಿನ ಎತ್ತರ ಹೋಗುತ್ತದೆ. ಚಾಪೆಯ ಮೇಲೆ ಕೂತವರಂತೆ ಕಾಲು ಚಾಚಿಯೇ ಪೆಡಲ್ ಒತ್ತಬೇಕು. ಚಾವಣಿಯೂ ತಗ್ಗಿದ್ದರೆ ಎತ್ತರದವರು ಕತ್ತು ಬಗ್ಗಿಸಬೇಕು.

ಹಾಂ, ಸ್ಪ್ರಿಂಗಿನ ಪಟ್ಟಿಗಳನ್ನು ಕಳಚಿ ತಗ್ಗಿಸುವವರೂ ಇದ್ದಾರೆ. ಸ್ಪ್ರಿಂಗ್ ಆಡಲು ಜಾಗ ಉಳಿಯದೆ ಆಕ್ಸಲ್ (ಚಕ್ರಗಳ ಅಚ್ಚು) ಚಾಸಿಗೆ ಬಡಿದರೆ, ಆಗ ಸೊಂಟದ ಮಾತು ನಿಜವೇ.