ರಿಪೇರಿ ಮಾಡಿ ಸ್ವಾಮಿ, ಆದ್ರೆ ಏನು ಮಾಡಿದ್ರಿ ಅಂತ ಬಾಯಿ ಬಿಟ್ಟು ಹೇಳಿ

ಈಗಷ್ಟೇ ಸೈಕಲ್ ಅಂಗಡಿಯಿಂದ ಬಂದೆ. ಕೋಪ ಆರುವ ಮೊದಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ಆರಿದ ಮೇಲೆ ನಾನು ತುಂಬಾ ಒಳ್ಳೆಯವಳಾಗಿಬಿಡುತ್ತೇನೆ, ಆಮೇಲೆ ಬರೆದು ಪ್ರಯೋಜನವಿಲ್ಲ.

ಹೋಗಿದ್ದು ಹಿಂದಿನ ಚಕ್ರದ ಬೆಂಡ್ ತೆಗೆಸಲು. (ಈ ವಯಸ್ಸಲ್ಲಿ ನಾನು ಯಾಕೆ ಸೈಕಲ್ ಹತ್ತಿದೆ ಅನ್ನುವ ಕಥೆ ನಿಮಗೆಲ್ಲ ಗೊತ್ತೇ ಇದೆ. ಮತ್ತೆ ಶುರು ಮಾಡಲ್ಲ, ಹೆದರಬೇಡಿ.) ನನಗಿಂತ ಮುಂದೆ ಒಬ್ಬಳು ಹುಡುಗಿ ನಿಂತಿದ್ದಳು. ಕಾಲೇಜು ವಯಸ್ಸು, ಗೇರ್ ಸೈಕಲ್. ಸ್ವಲ್ಪ ದಿನದ ಹಿಂದೆ ಇದೇ ಅಂಗಡಿಯಲ್ಲಿ ಚೈನ್ ಬದಲಾಯಿಸಿಕೊಂಡು ಹೋಗಿದ್ದಳಂತೆ. ಈಗ ಏರಿನಲ್ಲಿ ಜೋರಾಗಿ ತುಳಿದರೆ ಚೈನ್ ಟಕ್ ಅಂತ ಹಾರುತ್ತಿದೆ.

"ಅಣ್ಣಾ, ಹೊಸ ಚೈನ್ ಹಾಕಿದ ಮೇಲೇ ಹೀಗಾಗ್ತಿರೋದು. ಮೊದಲು ಇರ್ಲಿಲ್ಲ" ಅಂದಳು.

ಆತ ತಲೆ ಎತ್ತಲಿಲ್ಲ. ಯಾವುದೋ ಟ್ಯೂಬ್ ಉಜ್ಜುತ್ತಾ, "ನೀವು ಗೇರ್ ಸರಿಯಾಗಿ ಹಾಕಲ್ಲ ಮೇಡಂ, ನೋಡ್ಕೊಂಡು ಹಾಕಿ" ಅಂದ.

"ಗೇರ್ ಬದಲಾಯಿಸದೇ ಇದ್ರೂ ಹಾರುತ್ತೆ ಅಣ್ಣಾ."

"ಸಂಜೆ ಬನ್ನಿ, ನೋಡೋಣ."

ಮುಗೀತು. ಸೈಕಲ್ ಮುಟ್ಟಲಿಲ್ಲ, ಚಕ್ರ ಒಂದು ಸುತ್ತು ತಿರುಗಿಸಿ ನೋಡಲಿಲ್ಲ. ಆ ಹುಡುಗಿ ಕೊಟ್ಟ ಮಾಹಿತಿ ಎಷ್ಟು ಚೊಕ್ಕವಾಗಿತ್ತು ನೋಡಿ. ಹೊಸ ಚೈನ್, ಜೋರಾಗಿ ತುಳಿದಾಗ, ಗೇರ್ ಬದಲಾಯಿಸದೇ ಇದ್ದರೂ. ಕಾಯಿಲೆ ಏನು ಅಂತ ಅವಳೇ ಅರ್ಧ ಹೇಳಿಬಿಟ್ಟಿದ್ದಳು. ಕೇಳಿಸಿಕೊಳ್ಳುವವರು ಇರಲಿಲ್ಲ, ಅಷ್ಟೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚೈನ್ ಹಿಗ್ಗುತ್ತೆ ಅಂತಾರಲ್ಲ, ನಿಜವಾಗಿ ಕಬ್ಬಿಣ ಹಿಗ್ಗುವುದಿಲ್ಲ. ಕೊಂಡಿಗಳ ನಡುವಿನ ಪಿನ್ನು ಸವೆದು ಒಂದೊಂದು ಕೊಂಡಿಯಲ್ಲೂ ಕೂದಲೆಳೆಯಷ್ಟು ಸಡಿಲವಾಗುತ್ತೆ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿಂದ ಇನ್ನೊಂದಕ್ಕೆ ಸರಿಯಾಗಿ ಅರ್ಧ ಇಂಚು. ಅಂದರೆ 24 ಕೊಂಡಿ ಅಳೆದರೆ 12 ಇಂಚು ಬರಬೇಕು. ಮಕ್ಕಳ ಜಾಮಿಟ್ರಿ ಬಾಕ್ಸಿನದಲ್ಲ, ಸ್ವಲ್ಪ ಉದ್ದದ ಸ್ಕೇಲ್ ಸಾಕು. 12 ಇಂಚು ದಾಟಿ ಒಂದೂವರೆ ಮಿಲಿಮೀಟರ್ ಜಾಸ್ತಿ ಬಂದರೆ ಚೈನ್ ಬದಲಾಯಿಸುವ ಹೊತ್ತು. ಮೂರು ಮಿಲಿಮೀಟರ್ ಬಂತೋ, ಆ ಚೈನು ತನ್ನ ಜೊತೆಗೆ ಹಿಂದಿನ ಚಕ್ರದ ಹಲ್ಲುಗಳನ್ನೂ (ಆ ಹಲ್ಲುಚಕ್ರಗಳ ಗೊಂಚಲಿಗೇ ಕ್ಯಾಸೆಟ್ ಅನ್ನೋದು) ತಿಂದು ಹಾಕಿರುತ್ತೆ. ಹಳೇ ಚೈನ್ ಮತ್ತು ಸವೆದ ಹಲ್ಲು ಹೇಗೋ ಹೊಂದಿಕೊಂಡು ಸಂಸಾರ ಮಾಡುತ್ತಿರುತ್ತವೆ. ಅಲ್ಲಿಗೆ ಹೊಸ ಚೈನ್ ತಂದು ಹಾಕಿದರೆ ಕೂರಲ್ಲ, ಭಾರ ಬಿದ್ದ ತಕ್ಷಣ ಹಾರುತ್ತೆ. ಅದರಲ್ಲೂ ನಾವು ಯಾವಾಗಲೂ ಬಳಸುವ ಗೇರಿನಲ್ಲಿ, ಯಾಕೆಂದರೆ ಸವೆದಿರುವುದು ಆ ಹಲ್ಲುಗಳೇ.

ಇದು ಆ ಮನುಷ್ಯನಿಗೆ ಗೊತ್ತಿಲ್ಲವಾ? ಗೊತ್ತಿದೆ. ಚೆನ್ನಾಗಿ ಗೊತ್ತಿದೆ! ಚೈನ್ ಹಾಕುವ ದಿನವೇ, "ಮೇಡಂ, ಹಿಂದಿನ ಹಲ್ಲೂ ಸವೆದಿದೆ. ಬರೀ ಚೈನ್ ಹಾಕಿದ್ರೆ ಹಾರಬಹುದು, ಕ್ಯಾಸೆಟ್ಟೂ ಬದಲಾಯಿಸಬೇಕಾಗುತ್ತೆ, ಏನ್ಮಾಡ್ಲಿ?" ಅಂದಿದ್ದರೆ ಮುಗಿಯುತ್ತಿತ್ತು. ಆ ಹುಡುಗಿ ಹೂಂ ಅನ್ನುತ್ತಿದ್ದಳೋ ಬೇಡ ಅನ್ನುತ್ತಿದ್ದಳೋ, ಅದು ಅವಳಿಷ್ಟ. ಈಗ ತನ್ನ ಕಾಲಿನದೇ ತಪ್ಪು ಅಂದುಕೊಂಡು ಮನೆಗೆ ಹೋಗಬೇಕಾಯಿತು.

ನಾನು ಸುಮ್ಮನಿರುವ ಜಾತಿಯಲ್ಲ. "ಕ್ಯಾಸೆಟ್ ಸವೆದಿರಬೇಕು ಕಣಪ್ಪ, ಒಂದ್ಸಲ ನೋಡು" ಅಂದೆ. ಆಗ ಮಾತ್ರ ತಲೆ ಎತ್ತಿದ. ನನ್ನ ಕೂದಲಿನಿಂದ ಚಪ್ಪಲಿವರೆಗೂ ನೋಡಿ, "ನಿಮಗ್ಯಾಕಮ್ಮ ಇದೆಲ್ಲ?" ಅಂದ. ನನ್ನ ಚಕ್ರ ಮೂಲೆಯಲ್ಲಿದ್ದ ರಾಶಿಯ ಅಡಿಗೆ ಹೋಯಿತು. ನನಗೂ ಸಂಜೆ ಬನ್ನಿ. ಯಾವ ಸಂಜೆ ಅಂತ ಹೇಳಲಿಲ್ಲ.

ನನ್ನ ತಕರಾರು ಇದೊಂದೇ. ಬೇರೆ ಏನೂ ಇಲ್ಲ. ಇವರು ಕೇಳಲ್ಲ, ಹೇಳಲ್ಲ. ತಡ ಮಾಡಲಿ, ಬೇಕಾದರೆ ಎರಡು ದಿನ ಇಟ್ಟುಕೊಳ್ಳಲಿ. ಅಂಗಡಿ ಕೊಳೆಯಾಗಿರಲಿ, ಸೀಟಿನ ಮೇಲೆ ಗ್ರೀಸ್ ಬೆರಳಚ್ಚು ಬಿಡಲಿ, ಒರೆಸಿಕೊಳ್ಳುತ್ತೇನೆ. ಆದರೆ ಸೈಕಲ್ ಕೊಡುವಾಗ ಏನಾಗಿತ್ತು, ಏನು ಮಾಡಿದೆ, ಇನ್ನೇನು ಬಾಕಿ ಇದೆ ಅಂತ ಹೇಳಲು ಏನು ಕಷ್ಟ? "ಆಯ್ತು, ತಗೊಂಡೋಗಿ." ಏನು ಆಯ್ತು? ಯಾವುದು ಆಯ್ತು?

ಪಂಕ್ಚರ್ ವಿಷಯವೇ ತಗೊಳ್ಳಿ. ಟ್ಯೂಬಿನಲ್ಲಿ ತೂತು ಎಲ್ಲಿದೆ ಅನ್ನುವುದರಲ್ಲೇ ಅದರ ಜಾತಕ ಇರುತ್ತೆ. ಟೈರಿನ ಕಡೆಗೆ ಒಂದೇ ತೂತಿದ್ದರೆ ಮುಳ್ಳೋ ಗಾಜೋ ಚುಚ್ಚಿದೆ. ಅಕ್ಕಪಕ್ಕ ಹಾವು ಕಚ್ಚಿದ ಹಾಗೆ ಎರಡು ಸಣ್ಣ ಸೀಳು ಇದ್ದರೆ ಗಾಳಿ ಕಡಿಮೆ ಇದ್ದು, ಗುಂಡಿಗೆ ಇಳಿದಾಗ ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬ್ ಸಿಕ್ಕಿಕೊಂಡಿದೆ. ಒಳಗಡೆ, ರಿಮ್ಮಿನ ಕಡೆ ತೂತಿದ್ದರೆ ಕಡ್ಡಿಯ ತುದಿ ಚುಚ್ಚಿದೆ ಅಥವಾ ಆ ತುದಿಗಳನ್ನು ಮುಚ್ಚುವ ಪಟ್ಟಿ, ರಿಮ್ ಟೇಪ್, ಜರುಗಿದೆ. ಮೂರಕ್ಕೂ ಪ್ಯಾಚ್ ಒಂದೇ, ಆದರೆ ಮದ್ದು ಬೇರೆ ಬೇರೆ ಅಲ್ವಾ? ಮುಳ್ಳು ಟೈರಿನಲ್ಲೇ ಉಳಿದಿದ್ದರೆ ನಾಳೆ ಮತ್ತೆ ಪಂಕ್ಚರ್. ಗಾಳಿ ಕಡಿಮೆ ಇಟ್ಟರೆ ಮುಂದಿನ ಗುಂಡಿಗೆ ಮತ್ತೆ ಪಂಕ್ಚರ್. ಟೇಪ್ ಸರಿಮಾಡದಿದ್ದರೆ ಅದೇ ಜಾಗದಲ್ಲಿ ಮತ್ತೆ ಪಂಕ್ಚರ್. ತೂತು ಎಲ್ಲಿದೆ ಅಂತ ಆತ ಕಣ್ಣಾರೆ ನೋಡಿರುತ್ತಾನೆ. ನೋಡದೇ ಪ್ಯಾಚ್ ಹಾಕಲು ಆಗಲ್ಲವಲ್ಲ! ನೋಡಿದ್ದನ್ನು ಹೇಳಲ್ಲ. ನಾವು ಮತ್ತೆ ಹೋದಾಗ, "ಟ್ಯೂಬ್ ವೀಕ್ ಆಗಿದೆ, ಹೊಸದು ಹಾಕ್ಬಿಡಿ."

ಕೇಳದೇ ಇರುವ ಕಥೆ ಇನ್ನೂ ಚೆಂದ. ಗೇರ್ ಕರಕರ ಅಂತಿದೆ ಅಂತ ತಗೊಂಡು ಹೋದರೆ ಕೈ ನೇರ ಸ್ಕ್ರೂ ಡ್ರೈವರಿಗೆ ಹೋಗುತ್ತೆ. "ಸೈಕಲ್ ಏನಾದ್ರೂ ಬಿದ್ದಿತ್ತಾ?" ಅನ್ನುವ ಒಂದು ಪ್ರಶ್ನೆ ಬರಲ್ಲ. ಬಲಗಡೆಗೆ ಬಿದ್ದ ಸೈಕಲಿನಲ್ಲಿ ಹಿಂದಿನ ಗೇರ್ ನೇತುಹಾಕಿರುವ ಸಣ್ಣ ತುಂಡು, ಹ್ಯಾಂಗರ್, ಬಾಗಿರುತ್ತೆ. ಫ್ರೇಮ್ ಉಳಿಯಲಿ ಅಂತ ಬೇಕೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. 1984ರಲ್ಲಿ ಜಪಾನಿನ ಶಿಮಾನೊ ಕಂಪನಿ ತನ್ನ ಕ್ಲಿಕ್ ಗೇರ್ ತಂದ ಮೇಲೆ ಕಥೆಯೇ ಬದಲಾಯಿತು. ಅದಕ್ಕೂ ಮೊದಲು ಲಿವರನ್ನು ಕಿವಿಗೊಟ್ಟು ಕೇಳುತ್ತಾ ಅಂದಾಜಿನಲ್ಲಿ ಎಳೆಯುತ್ತಿದ್ದರು, ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತಿತ್ತು. ಈಗ ಒಂದು ಕ್ಲಿಕ್ಕಿಗೆ ಕೇಬಲ್ ಇಷ್ಟೇ ಎಳೆಯಬೇಕು ಅಂತ ಲೆಕ್ಕ. ಹ್ಯಾಂಗರ್ ಚೂರು ಬಾಗಿದ್ದರೂ ಒಂದು ಗೇರ್ ಸರಿಮಾಡಿದರೆ ಇನ್ನೊಂದು ಕೆಡುತ್ತೆ. ಸ್ಕ್ರೂ ಎಷ್ಟು ತಿರುಗಿಸಿದರೂ ಅಷ್ಟೇ. ಕೊನೆಗೆ ಬರುವ ತೀರ್ಪು ಏನು ಗೊತ್ತಾ? "ಈ ಮಾಡಲ್ಲೇ ಹೀಗೆ."

ಆಹಾ. ಈ ಮಾಡಲ್ಲೇ ಹೀಗೆ.

ಹಳೇ ಸೈಕಲ್ ತಂದವರ ಪಾಡು ಕೇಳಲೇಬೇಡಿ. "ಇದಕ್ಕೆ ಟೈರ್ ಬರಲ್ಲ, ಹೊಸ ಸೈಕಲ್ ತಗೊಳ್ಳಿ" ಅಂತ ಬಾಗಿಲಲ್ಲೇ ಹೇಳಿಬಿಡುತ್ತಾರೆ. ಬರುತ್ತೆ ಸ್ವಾಮಿ. ಟೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಒಂದು ನಂಬರ್ ಇರುತ್ತೆ, 37-590 ಅಂತಲೋ 47-559 ಅಂತಲೋ. ಅದರಲ್ಲಿ ಗೆರೆಯ ನಂತರದ ಅಂಕಿ ರಿಮ್ಮಿನ ಅಳತೆ, ಮಿಲಿಮೀಟರಿನಲ್ಲಿ. ಬಾಯಲ್ಲಿ ಇವೆರಡೂ '26 ಇಂಚು'. ಆದರೆ ನಡುವೆ 31 ಮಿಲಿಮೀಟರ್ ವ್ಯತ್ಯಾಸ! ತಪ್ಪು ಟೈರ್ ತರಿಸಿ, ಹಾಕಲು ಒದ್ದಾಡಿ, ಆಮೇಲೆ ಸೈಕಲನ್ನೇ ಬೈಯುವ ಬದಲು ಒಂದ್ಸಲ ಬಗ್ಗಿ ಆ ನಂಬರ್ ಓದಿದರೆ ಆಯಿತು. ಓದಿ ನಮಗೂ ತೋರಿಸಿದರೆ ಮುಂದಿನ ಸಲ ನಾವೇ ನೋಡಿಕೊಂಡು ಹೋಗುತ್ತೇವೆ.

ಇನ್ನೊಂದು ವಿಷಯ, ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ನಮ್ಮೆಜಮಾನರು ಜೊತೆಯಲ್ಲಿದ್ದರೆ ಅದೇ ಮೆಕ್ಯಾನಿಕ್ಕಿಗೆ ಮಾತು ಬರುತ್ತೆ. ಪ್ರಶ್ನೆ ಕೇಳಿದ್ದು ನಾನು, ಉತ್ತರ ಅವರ ಮುಖ ನೋಡಿ. "ಸಾರ್, ಬ್ರೇಕ್ ಪ್ಯಾಡ್ ಹೋಗಿದೆ ಸಾರ್." ನಮ್ಮೆಜಮಾನರಿಗೆ ಪಂಪನ್ನು ಯಾವ ಕಡೆಯಿಂದ ಹಿಡಿಯಬೇಕು ಅಂತಲೂ ಗೊತ್ತಿಲ್ಲ. ಆದರೂ ಗಂಭೀರವಾಗಿ ತಲೆ ಆಡಿಸುತ್ತಾರೆ. ಅವರನ್ನು ಬೈಯಲೋ ಇವನನ್ನು ಬೈಯಲೋ ತಿಳಿಯದೆ ನಾನು ಹ್ಯಾಂಡಲ್ ಹಿಡಿದು ನಿಂತಿರುತ್ತೇನೆ. (ರೀ, ಇದನ್ನು ಓದಿದರೆ ಕಾಮೆಂಟ್ ಹಾಕಬೇಡಿ. ಒಳಗೆ ಬಂದು ಮಾತಾಡಿ.)

ನೀವೇನು ಹೇಳುತ್ತೀರಿ ಅಂತ ಗೊತ್ತು. ಪಾಪ, ಅವರಿಗೆ ಬೆಳಗ್ಗಿಂದ ಕೆಲಸ, ಸಿಗುವ ಕಾಸು ಕಡಿಮೆ, ಬಂದವರೆಲ್ಲ ಚೌಕಾಸಿ ಮಾಡುತ್ತಾರೆ, ಕೆಸರು ಮೆತ್ತಿದ ಸೈಕಲ್ ತಂದು ನಿಲ್ಲಿಸಿ ಐದು ನಿಮಿಷದಲ್ಲಿ ಬೇಕು ಅನ್ನುತ್ತಾರೆ. ಒಪ್ಪಿದೆ. ಜೊತೆಗೆ ನನ್ನಂಥ ಅತಿಬುದ್ಧಿವಂತರ ಕಾಟ ಬೇರೆ. ಕೈಯಲ್ಲಿ ಕಲಿತ ವಿದ್ಯೆಯನ್ನು ಮಾತಿನಲ್ಲಿ ಹೇಳಲು ಎಲ್ಲರಿಗೂ ಬರಲ್ಲ ಅಂತಲೂ ಅನ್ನಬಹುದು. ಅದನ್ನೂ ಒಪ್ಪುತ್ತಿದ್ದೆ. ಆದರೆ ಅದೇ ಅಂಗಡಿಯಲ್ಲಿ ಹೊಸ ಸೈಕಲ್ ಕೊಳ್ಳುವವರು ಬಂದಾಗ ಒಮ್ಮೆ ನಿಂತು ಕೇಳಿ. ಫ್ರೇಮ್ ಏನು, ತೂಕ ಎಷ್ಟು, ಫೋರ್ಕ್ ಹೇಗೆ ಕುಗ್ಗುತ್ತೆ, ಡಿಸ್ಕ್ ಬ್ರೇಕ್ ಹೇಗೆ ಹಿಡಿಯುತ್ತೆ, ಅರ್ಧ ಗಂಟೆ ಪುರಾಣ! ಮಾರುವಾಗ ಇಷ್ಟುದ್ದ ಇದ್ದ ನಾಲಿಗೆ ರಿಪೇರಿಗೆ ಬಂದಾಗ ಎಲ್ಲಿ ಹೋಗುತ್ತೆ? ಅದೇ ಡಿಸ್ಕ್ ಬ್ರೇಕ್ ಕೀಚ್ ಅಂತಿದೆ ಅಂದರೆ ಮಾತಿಲ್ಲದೆ ಡಿಸ್ಕಿಗೇ ಎಣ್ಣೆ ಸ್ಪ್ರೇ ಮಾಡಿ ಕೊಟ್ಟವರನ್ನೂ ನೋಡಿದ್ದೇನೆ. ಸದ್ದು ನಿಂತಿತು, ಹೌದು. ಬ್ರೇಕೂ ನಿಂತಿತು. ಎಣ್ಣೆ ಕುಡಿದ ಪ್ಯಾಡ್ ಆಮೇಲೆ ಸಾಮಾನ್ಯವಾಗಿ ಎಸೆಯುವುದೇ ಗತಿ. ಇದು ಬರೀ ಸೇವೆ ಚೆನ್ನಾಗಿಲ್ಲ ಅನ್ನುವ ಮಾತಲ್ಲ, ಇಳಿಜಾರಿನಲ್ಲಿ ಹಲ್ಲು ಉದುರುವ ವಿಷಯ.

ಆದ್ದರಿಂದ ಕೆಲಸ ಜಾಸ್ತಿ ಅನ್ನುವ ನೆಪ ನನ್ನ ಹತ್ತಿರ ನಡೆಯಲ್ಲ. ರೈಟ್ ಸಹೋದರರೂ ಸೈಕಲ್ ಅಂಗಡಿ ಇಟ್ಟವರೇ. 1892ರಲ್ಲಿ ಅಮೆರಿಕದ ಡೇಟನ್ನಿನಲ್ಲಿ ಶುರು ಮಾಡಿದರು, ಮಾರಾಟ, ರಿಪೇರಿ ಎಲ್ಲ ಇತ್ತು. 1903ರಲ್ಲಿ ವಿಮಾನ ಹಾರಿಸಿದರು. ಅವರು ಗಿರಾಕಿಗಳಿಗೆ "ಸಂಜೆ ಬನ್ನಿ" ಅಂದಿದ್ದರೆ ಒಂದು ಕಾರಣವಾದರೂ ಇರುತ್ತಿತ್ತು, ಹಿಂದಿನ ಕೋಣೆಯಲ್ಲಿ ರೆಕ್ಕೆ ಕಟ್ಟುತ್ತಿದ್ದರು. ಇವರ ಅಂಗಡಿಯ ಹಿಂದೆ ನಾನು ಇಣುಕಿ ನೋಡಿದ್ದೇನೆ. ಖಾಲಿ ರಟ್ಟಿನ ಡಬ್ಬಗಳು ಬಿಟ್ಟರೆ ಏನೂ ಇಲ್ಲ.

ಒಂದು ನಿಜ ಹೇಳಲಾ? ನಾನು ಮನೆಯಲ್ಲೇ ಸ್ಪ್ಯಾನರ್, ಅಲೆನ್ ಕೀ, ಚೈನ್ ಕಟರ್ ಎಲ್ಲ ತಂದಿಟ್ಟುಕೊಂಡು ಅರ್ಧ ಕೆಲಸ ನಾನೇ ಮಾಡಿಕೊಳ್ಳುವುದನ್ನು ನೋಡಿ ನೀವೆಲ್ಲ ಹೊಗಳುತ್ತೀರಿ. 'ಆಂಟಿ ಸೂಪರ್' ಅಂತೀರಿ. ಖುಷಿಗಾಗಿ ಕಲಿತಿದ್ದಲ್ಲ ಅದು. ಆ ಬಾಗಿಲಲ್ಲಿ ನಿಂತು, ನನ್ನದೇ ಸೈಕಲಿನ ಬಗ್ಗೆ ಕೇಳಿ, ಏನೂ ಅರಿಯದ ಮಗುವಿನ ಹಾಗೆ ಮುಖ ಮಾಡಿಕೊಂಡು ವಾಪಸ್ ಬರುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಅವಮಾನಕ್ಕೆ ಕಲಿತ ವಿದ್ಯೆ. ಚಕ್ರದ ಬೆಂಡ್ ತೆಗೆಯುವುದೊಂದು ಇನ್ನೂ ಕೈಗೆ ಕೂತಿಲ್ಲ. ಒಂದು ಕಡ್ಡಿ ಬಿಗಿ ಮಾಡಿದರೆ ಇನ್ನೊಂದು ಕಡೆ ವಾಲುತ್ತೆ. ಹಾಗಾಗಿ ಇವತ್ತಿಗೂ ಹೋಗಿ ನಿಲ್ಲಬೇಕು.

ಎಲ್ಲರೂ ಹೀಗೆ ಅಂತ ಹೇಳುತ್ತಿಲ್ಲ. ಮೊದಲು ನಾವಿದ್ದ ಬಡಾವಣೆಯಲ್ಲಿ ಒಬ್ಬರು ಹಿರಿಯರಿದ್ದರು. ಮಾತು ಕಡಿಮೆ, ಮುಖದಲ್ಲಿ ನಗು ಅಂತೂ ಇಲ್ಲವೇ ಇಲ್ಲ. ಆದರೆ ಬಿಚ್ಚಿದ ಹಳೇ ಸಾಮಾನನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಿದ್ದರು. ಸವೆದ ಬೇರಿಂಗ್ ಬಾಲ್ಸ್ ಆಗಲಿ, ತೆಳ್ಳಗಾದ ಬ್ರೇಕ್ ಕಟ್ಟೆಯಾಗಲಿ. ಬೆರಳಿಟ್ಟು, "ಇಲ್ಲಿ ನೋಡಮ್ಮ, ಗುಳಿ ಬಿದ್ದಿದೆ" ಅನ್ನುತ್ತಿದ್ದರು. ಅಷ್ಟೇ ಮಾತು. ನಾನು ಅದನ್ನು ಉಗುರಲ್ಲಿ ಸವರಿ ನೋಡುತ್ತಿದ್ದೆ, ಗುಳಿ ಸಿಗುತ್ತಿತ್ತು. ಆಮೇಲೆ ದುಡ್ಡು ಎಷ್ಟು ಕೇಳಿದರೂ ಕೊಡಲು ಬೇಜಾರಾಗುತ್ತಿರಲಿಲ್ಲ. ನಗು ಬೇಡ, ಕುರ್ಚಿ ಬೇಡ, ನೀರು ಕುಡೀತೀರಾ ಅಂತ ಕೇಳುವುದೂ ಬೇಡ. ಬೆರಳಿಟ್ಟು ತೋರಿಸಿದರೆ ಸಾಕಿತ್ತು.

ಇಂಥವರು ನಿಮ್ಮ ಕಡೆ ಯಾರಾದರೂ ಇದ್ದರೆ ದಯವಿಟ್ಟು ಮೆಸೆಂಜರಿನಲ್ಲಿ ತಿಳಿಸಿ. ದೂರವಾದರೂ ಪರವಾಗಿಲ್ಲ, ತಳ್ಳಿಕೊಂಡಾದರೂ ಹೋಗುತ್ತೇನೆ. ಬೆಂಡ್ ತೆಗೆಯುವ ವಿಡಿಯೋ ಲಿಂಕ್ ಮಾತ್ರ ಯಾರೂ ಕಳಿಸಬೇಡಿ, ಎಲ್ಲ ನೋಡಿ ಮುಗಿಸಿದ್ದೇನೆ. "ಸ್ಕೂಟರ್ ತಗೊಳ್ಳಿ ಆಂಟಿ" ಅನ್ನುವವರನ್ನು ಈ ಸಲ ನಿಜವಾಗಲೂ ಬ್ಲಾಕ್ ಮಾಡುತ್ತೇನೆ.