ಒಂದು ಬೈಟಿನ ಕಳ್ಳತನ

ಸರ್ವರ್ ಪಕ್ಷಪಾತ ಮಾಡುತ್ತಿದೆಯೇ ಇಲ್ಲವೇ ಎಂದು ಪತ್ತೆ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಮಾಡುತ್ತಿದ್ದರೆ ಸರಿ, ಮಾಡದಿದ್ದರೆ ತಪ್ಪು. ಇಂಥ ತನಿಖೆ ಬೇರೆ ಯಾವ ಇಲಾಖೆಯಲ್ಲೂ ಇರಲಿಕ್ಕಿಲ್ಲ.

ವಿಷಯ ಇಷ್ಟೆ. ವೆಬ್ ಪುಟಗಳನ್ನು ಸಾಗಿಸುವ ನಿಯಮಾವಳಿಯಾದ ಎಚ್‌ಟಿಟಿಪಿ/2ರಲ್ಲಿ ಬ್ರೌಸರಿಗೂ ಸರ್ವರಿಗೂ ನಡುವೆ ಸಾಮಾನ್ಯವಾಗಿ ಒಂದೇ ಕನೆಕ್ಷನ್. ಪುಟದ ಅಂದಚೆಂದ ಹೇಳುವ ಸ್ಟೈಲ್‌ಶೀಟು, ಸ್ಕ್ರಿಪ್ಟು, ಚಿತ್ರ ಎಲ್ಲವೂ ಆ ಒಂದೇ ಕೊಳವೆಯಲ್ಲಿ ಬರಬೇಕು. ಅದಕ್ಕೇ ಸರ್ವರ್ ಎಲ್ಲವನ್ನೂ ಫ್ರೇಮುಗಳಾಗಿ ಕತ್ತರಿಸುತ್ತದೆ. ಮೊದಲೇ ಬೇರೆ ಮಾತಾಗಿರದಿದ್ದರೆ ಒಂದು ಫ್ರೇಮಿನ ಹೊಟ್ಟೆಯಲ್ಲಿ ಹೆಚ್ಚೆಂದರೆ 16,384 ಬೈಟು. ಅದರ ಮುಂಭಾಗದಲ್ಲಿ 9 ಬೈಟಿನ ಹಣೆಬರಹ. ಇದು ಯಾವ ಸ್ಟ್ರೀಮಿಗೆ, ಅಂದರೆ ಯಾವ ಫೈಲಿನ ಹರಿವಿಗೆ, ಸೇರಿದ್ದು ಎಂಬುದು ಅಲ್ಲೇ ಬರೆದಿರುತ್ತದೆ. ಮುಂದೆ ಯಾರ ಫ್ರೇಮು ಹೊರಡಬೇಕು ಎಂದು ತೀರ್ಮಾನಿಸುವವನು ಶೆಡ್ಯೂಲರ್. ಪುಟ ಕಾಣಲು ಸ್ಟೈಲ್‌ಶೀಟು ಬೇಕೇಬೇಕು, ಕೆಳಗೆಲ್ಲೋ ಇರುವ ಚಿತ್ರ ಕಾಯಬಹುದು. ಇವನು ಅದನ್ನು ಪಾಲಿಸುತ್ತಾನಾ ಅಂತ ನಾನು ನೋಡಬೇಕು.

ಮೊದಲ ದಿನವೇ ಟೆಸ್ಟ್ ಬರೆದೆ, ಮೊದಲ ದಿನವೇ ಪಾಸಾಯಿತು. ಲಾಗ್‌ನಲ್ಲಿ ತುರ್ತಿನ ಫೈಲು ಮೊದಲು, ಉಳಿದವು ಆಮೇಲೆ, ಶಿಸ್ತಾಗಿ ಬಂದಿದ್ದವು. ಪಕ್ಕದ ಮೇಜಿನ ಗೆಳೆಯ ಬಗ್ಗಿ ನೋಡಿ, "ಶೆಡ್ಯೂಲರ್ ಆಫ್ ಮಾಡಿ ಒಂದ್ಸಲ ಓಡಿಸಿ ನೋಡು" ಅಂದ. ಓಡಿಸಿದೆ. ಆಗಲೂ ಪಾಸು! ತುರ್ತಿನ ಫೈಲನ್ನು ನಾನೇ ಮೊದಲು ಕೇಳಿದ್ದೆ. ಪಾಪ ಸರ್ವರ್ ಕೇಳಿದ ಕ್ರಮದಲ್ಲೇ ಕೊಟ್ಟಿತ್ತು. ಸಾಲದ್ದಕ್ಕೆ ಫೈಲುಗಳೆಲ್ಲ ಒಂದೊಂದೇ ಫ್ರೇಮಿನಲ್ಲಿ ಮುಗಿಯುವಷ್ಟು ಪುಟ್ಟವು, ಸರ್ವರ್ ಇದ್ದದ್ದೂ ಅದೇ ಲ್ಯಾಪ್‌ಟಾಪಿನಲ್ಲಿ. ಇಕ್ಕಟ್ಟೇ ಇಲ್ಲದ ಕಡೆ ಯಾರು ಯಾರಿಗೆ ದಾರಿ ಬಿಡಬೇಕು?

ಹೊಸದಾಗಿ ಬರೆದೆ. ಮೊದಲು ಎಂಟು ದೊಡ್ಡ ಫೈಲು ಕೇಳುವುದು, ತುರ್ತಿಲ್ಲ ಎಂಬ ಚೀಟಿ ಹಚ್ಚಿ. ಅವು ಹರಿಯತೊಡಗಿದ ಮೇಲೆ ಒಂಬತ್ತನೆಯದನ್ನು ತುರ್ತಾಗಿ ಕೇಳುವುದು. ಅದರ ಮೊದಲ ಫ್ರೇಮು ಬರುವ ಮುಂಚೆ ಉಳಿದವರದ್ದು ಎಷ್ಟು ಬೈಟು ಬಂತು ಎಂದು ಎಣಿಸುವುದು. ದಾರಿ ಕಿರಿದಾಗಲಿ ಎಂದು ಸರ್ವರನ್ನು ಬೇರೆ ಯಂತ್ರಕ್ಕೆ ಸಾಗಿಸಿ, ನೆಟ್‌ವರ್ಕನ್ನು ಬೇಕೆಂದೇ ನಿಧಾನಿಸುವ ನೆಟೆಮ್ ಎಂಬ ಸಲಕರಣೆ ಹಾಕಿ ವೇಗ ಇಳಿಸಿದೆ.

ಒಂಬತ್ತನೆಯದು ಬರಲೇ ಇಲ್ಲ. "ಸಿಕ್ಕಿಬಿದ್ದ!" ಎಂದು ಕೂಗಿದೆ. ಸಿಕ್ಕಿಬಿದ್ದವನು ನಾನು. ಎಚ್‌ಟಿಟಿಪಿ/2ರ ನಿಯಮಪತ್ರವಾದ 2015ರ ಆರ್‌ಎಫ್‌ಸಿ 7540ರಲ್ಲಿ ಸ್ಟ್ರೀಮುಗಳಿಗೆ 1ರಿಂದ 256ರವರೆಗೆ ತೂಕವಿತ್ತು. ತೂಕ ಹೆಚ್ಚಿದ್ದವನಿಗೆ ಪಾಲು ಹೆಚ್ಚು. ಆ ವ್ಯವಸ್ಥೆ ಯಾರ ಕೈಗೂ ಸರಿಯಾಗಿ ಒಗ್ಗಲಿಲ್ಲ. 2022ರಲ್ಲಿ ಬಂದ ಆರ್‌ಎಫ್‌ಸಿ 9218ರಲ್ಲಿ 0ಯಿಂದ 7ರವರೆಗೆ ತುರ್ತಿನ ಅಂಕಿ. ಇಲ್ಲಿ 0 ಅಂದರೆ ಅತಿ ತುರ್ತು, 7 ಅಂದರೆ ಪುರಸೊತ್ತಾದಾಗ ಕೊಡು. ನಾನು ಹಳೆಯ ಅಭ್ಯಾಸದಲ್ಲಿ ತುರ್ತಿನದಕ್ಕೆ 7 ಕೊಟ್ಟಿದ್ದೆ. ಸರ್ವರ್ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು.

ಅಂಕಿ ತಿದ್ದಿ ಓಡಿಸಿದರೂ ಒಂಬತ್ತನೆಯದು ಬರಲಿಲ್ಲ, ಎಲ್ಲ ನಿಂತೇ ಹೋಗಿತ್ತು.

ತಪ್ಪು ಸಂದೇಶವಿಲ್ಲ, ಕನೆಕ್ಷನ್ ಮುರಿದಿಲ್ಲ, ಸುಮ್ಮನೆ ಮೌನ. ಲಾಗ್ ತೆರೆದೆ. ಮೊದಲ ಫ್ರೇಮು 16,384. ಎರಡನೆಯದು 16,384. ಮೂರನೆಯದೂ ಅಷ್ಟೇ. ನಾಲ್ಕನೆಯದು 16,383! ಒಂದು ಬೈಟು ಕಡಿಮೆ ಕೊಟ್ಟು ಸರ್ವರ್ ಕೈಕಟ್ಟಿ ಕೂತಿತ್ತು. ಮತ್ತೆ ಓಡಿಸಿದೆ, ಮತ್ತೆ 16,383. ಇದು ಕಣ್ತಪ್ಪಲ್ಲ, ಯೋಜಿತ ಕಳ್ಳತನ ಅಂತ ನಿರ್ಧರಿಸಿ, ಸರ್ವರ್ ಬರೆದ ತಂಡಕ್ಕೆ "ನಾಲ್ಕನೇ ಫ್ರೇಮಿನಲ್ಲಿ ಒಂದು ಬೈಟು ಕಾಣೆ" ಎಂದು ದೂರು ಬರೆದೆ. ಜೊತೆಗೆ ಮೂರು ಸ್ಕ್ರೀನ್‌ಶಾಟು, ಆ 16,383ರ ಸುತ್ತ ಕೆಂಪು ವೃತ್ತ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ನಮ್ಮ ಮ್ಯಾನೇಜರ್ ಅದನ್ನು "ತುರ್ತು" ಎಂದು ಮೇಲಿನವರಿಗೂ ಕಳಿಸಿದರು. ಯಾವ ಅಂಕಿ ಹಾಕಿದರೋ ಗೊತ್ತಿಲ್ಲ.

ಉತ್ತರ ಒಂದೇ ಸಾಲು: "ನಾಲ್ಕನ್ನೂ ಕೂಡಿಸಿ ನೋಡಿ."

ಕೂಡಿಸಿದೆ. 65,535. ಬೆವರು ಕಿತ್ತುಕೊಂಡು ಬಂತು. ಒಮ್ಮೆಗೆ ಎಷ್ಟು ಕಳಿಸಬಹುದು ಎಂಬ ಮಿತಿಗೆ ಫ್ಲೋ ಕಂಟ್ರೋಲ್ ಕಿಟಕಿ ಎಂದು ಹೆಸರು, ಅದರ ಆರಂಭದ ಅಳತೆ ಅದು. ತೆಗೆದುಕೊಳ್ಳುವವನು "ಇನ್ನಷ್ಟು ಕೊಡು" ಎಂದು ವಿಂಡೋ ಅಪ್‌ಡೇಟ್ ಕಳಿಸುವ ತನಕ ಕೊಡುವವನು ಅದಕ್ಕಿಂತ ಒಂದು ಬೈಟು ಹೆಚ್ಚು ಕಳಿಸುವಂತಿಲ್ಲ. ನಾನು ಕನೆಕ್ಷನ್ನಿನ ಷರತ್ತುಗಳನ್ನು ಹೇಳುವ ಸೆಟ್ಟಿಂಗ್ಸ್ ಫ್ರೇಮಿನಲ್ಲಿ ಕಿಟಕಿ ದೊಡ್ಡದು ಮಾಡಿದ್ದು ನಿಜ. ಆದರೆ ಅದು ಒಂದೊಂದು ಸ್ಟ್ರೀಮಿನ ಕಿಟಕಿಗೆ ಮಾತ್ರ. ಇಡೀ ಕನೆಕ್ಷನ್‌ಗೆ ಇನ್ನೊಂದು ಕಿಟಕಿಯಿದೆ, ಅದು ಸೆಟ್ಟಿಂಗ್ಸ್‌ಗೆ ಜಗ್ಗುವುದಿಲ್ಲ. ಅದಕ್ಕೆ ಸ್ಟ್ರೀಮ್ ಸೊನ್ನೆಯ ಮೇಲೆ ಬೇರೆಯೇ ವಿಂಡೋ ಅಪ್‌ಡೇಟ್ ಕಳಿಸಬೇಕು. ಕೋಣೆಯ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಹೆಬ್ಬಾಗಿಲಿಗೆ ಚಿಲಕ ಹಾಕಿ, ಯಾಕೆ ಯಾರೂ ಬರಲಿಲ್ಲ ಎಂದು ಪೊಲೀಸರನ್ನು ಕರೆದಿದ್ದೆ. ಇತ್ತ ನಾನು ಸರ್ವರಿಗಾಗಿ ಕಾಯುತ್ತಿದ್ದೆ, ಅತ್ತ ಅದು ನನಗಾಗಿ. ದೂರು ಮುಚ್ಚಿದರು. ಕೆಂಪು ವೃತ್ತದ ಚಿತ್ರ ಮಾತ್ರ ಬೇರೆ ತಂಡಗಳ ಗುಂಪುಗಳಲ್ಲೂ ಓಡಾಡಿತಂತೆ.

ಆ ಸಿಟ್ಟಿಗೆ ಎರಡೂ ಕಿಟಕಿಗಳನ್ನು ನಿಯಮ ಬಿಡುವ ಕೊನೆಯ ಅಳತೆಗೆ, 2,147,483,647 ಬೈಟಿಗೆ, ತೆರೆದುಬಿಟ್ಟೆ. ಇನ್ನು ಯಾರೂ ನನ್ನನ್ನು ಕಾಯಬೇಕಾಗಿಲ್ಲ.

ಈಗ ತುರ್ತಿನ ಫ್ರೇಮು ಬಂತು, ಆದರೆ ಉಳಿದವರ ಮೆಗಾಬೈಟುಗಟ್ಟಲೆ ಸರಕು ಇಳಿದ ಮೇಲೆ. ಸರ್ವರ್ ಕಡೆಯ ಲಾಗ್ ನೋಡಿದರೆ, ಕೇಳಿದ ಕೂಡಲೇ ಶೆಡ್ಯೂಲರ್ ತುರ್ತಿನದನ್ನೇ ಎತ್ತಿ ಕಳಿಸಿದೆ. ನನ್ನ ಕಡೆಯ ಲಾಗ್ ನೋಡಿದರೆ, ಕಳಿಸಿಲ್ಲ. ಇಬ್ಬರು ಸಾಕ್ಷಿಗಳು, ಎರಡು ಕತೆ, ಇಬ್ಬರೂ ಪ್ರಮಾಣ ಮಾಡುತ್ತಾರೆ. ಈ ಸಲ ದೂರು ಬರೆಯುವ ಧೈರ್ಯ ಬರಲಿಲ್ಲ. ಎರಡು ದಿನ ಒಳಗೊಳಗೇ ಕೊರಗಿದ ಮೇಲೆ ಹೊಳೆಯಿತು, ನಡುವೆ ಮೂರನೆಯವನೊಬ್ಬ ಇದ್ದಾನೆ. ಆಪರೇಟಿಂಗ್ ಸಿಸ್ಟಮ್ಮಿನ ಸಾಕೆಟ್ ಬಫರ್. ಶೆಡ್ಯೂಲರ್ ಕೊಟ್ಟ ಬೈಟುಗಳನ್ನೆಲ್ಲ ಅದು "ತಗೊಂಡೆ, ತಗೊಂಡೆ" ಎಂದು ಒಳಗೆ ಪೇರಿಸಿಕೊಳ್ಳುತ್ತದೆ. ಒಮ್ಮೆ ಅಲ್ಲಿ ಸೇರಿದರೆ ಬಂದ ಸರದಿಯೇ ಸರದಿ, ತುರ್ತು ಗಿರ್ತು ಅದಕ್ಕೆ ಗೊತ್ತಿಲ್ಲ. ಚಿಕ್ಕ ಕಿಟಕಿಯಿದ್ದಾಗ ಈ ದಾಸ್ತಾನು 65,535 ದಾಟುವಂತಿರಲಿಲ್ಲ. ಹೆಬ್ಬಾಗಿಲು ತೆರೆದು ಅದಕ್ಕೆ ಗೋದಾಮು ಕಟ್ಟಿಕೊಟ್ಟವನು ನಾನೇ. ಟಿಸಿಪಿ ನಾಟ್‌ಸೆಂಟ್ ಲೋವಾಟ್ ಎಂಬ, ಉಚ್ಚರಿಸಿದರೆ ಶಾಪದಂತೆ ಕೇಳುವ ಆಯ್ಕೆಯೊಂದಿದೆ. ಇನ್ನೂ ಹೊರಡದ ಬೈಟು ಇಷ್ಟಕ್ಕಿಂತ ಕಡಿಮೆಯಾಗುವ ತನಕ ಹೊಸದು ಬೇಡ ಎಂದು ಅದು ಬಫರಿಗೆ ಕಡಿವಾಣ ಹಾಕುತ್ತದೆ. ಸರ್ವರ್ ತಂಡದವರನ್ನು ಬೇಡಿ ಹಾಕಿಸಿದೆ. "ಈ ಸಲ ವೃತ್ತ ಇಲ್ವಾ?" ಅಂದರು.

ಆಮೇಲೊಂದು ವಾರ ಟೆಸ್ಟು ಹತ್ತರಲ್ಲಿ ಒಂದು ಸಲ ಬೀಳುತ್ತಿತ್ತು. ಫ್ರೇಮುಗಳ ಸಾಲು ಅಕ್ಷರಶಃ ಹೀಗೇ ಇರಬೇಕು ಎಂದು ಬರೆದಿಟ್ಟಿದ್ದೆ. ನಡುವೆ "ಇದ್ದೀಯಾ?" ಎಂದು ಕೇಳುವ ಪಿಂಗ್‌ನ ಉತ್ತರವೋ ಸೆಟ್ಟಿಂಗ್ಸ್‌ನ ಒಪ್ಪಿಗೆಯೋ ತೂರಿಕೊಂಡರೆ ಎಣಿಕೆ ತಪ್ಪುತ್ತಿತ್ತು. ಅವು ತೂರಿಕೊಳ್ಳಬೇಕಾದ್ದೇ. ಡೇಟಾ ಫ್ರೇಮುಗಳನ್ನಷ್ಟೇ ಎಣಿಸತೊಡಗಿದೆ, ತಣ್ಣಗಾಯಿತು.

ಇಷ್ಟಾದ ಮೇಲೂ ಆ 65,535 ನನ್ನನ್ನು ಬಿಡಲಿಲ್ಲ. ಒಂದು ಸಂಜೆ ಹಳೆಯ ಹಗೆಗೆ ಎಂಬಂತೆ ಸರಿಯಾಗಿ ಅಷ್ಟೇ ಬೈಟಿನ ಫೈಲು ಮಾಡಿ, ಕಿಟಕಿಗಳನ್ನು ಮುಟ್ಟದೆ ಕೇಳಿದೆ. ಎಲ್ಲ ಬೈಟೂ ಬಂತು, ಆದರೆ ಸ್ಟ್ರೀಮು ಮುಗಿಯಲಿಲ್ಲ. ಈ ಸರ್ವರ್ "ಮುಗಿಯಿತು" ಎಂಬ ಗುರುತನ್ನು ಕೊನೆಯಲ್ಲಿ ಒಂದು ಖಾಲಿ ಡೇಟಾ ಫ್ರೇಮಿನಲ್ಲಿ ಕಳಿಸುವ ಪೈಕಿ. ಕಿಟಕಿಯಲ್ಲಿ ಜಾಗ ಸೊನ್ನೆ ಎಂದು ಶೆಡ್ಯೂಲರ್ ಆ ಸೊನ್ನೆ ಬೈಟಿನ ಫ್ರೇಮನ್ನೂ ತಡೆದು ನಿಲ್ಲಿಸಿಕೊಂಡಿತ್ತು! ಇಂಥ ಖಾಲಿ ಫ್ರೇಮಿಗೆ ಕಿಟಕಿಯ ಅಪ್ಪಣೆ ಬೇಕಿಲ್ಲ ಎಂದು ನಿಯಮದಲ್ಲೇ ಇದೆ. ಮೂರು ಸಲ ಓದಿದೆ. ಎರಡು ಸಲ ಗೆಳೆಯನಿಂದ ಓದಿಸಿದೆ. ಕೊನೆಗೂ ತಪ್ಪು ನನ್ನದಲ್ಲ. ವೃತ್ತವಿಲ್ಲದೆ, ವಿನಯದಿಂದ ದೂರು ಬರೆದೆ.

ಮರುದಿನ ಉತ್ತರ ಬಂತು: "ನಿಯಮದಲ್ಲಿ ಕಳಿಸಬಹುದು ಎಂದಿದೆ. ಕಳಿಸಬೇಕು ಎಂದಿಲ್ಲ."