ಬಂಪರ್‌ಗೆ ಕಟ್ಟಿದ ಕ್ಯಾಮೆರಾ

ಎಂಟು ನಿಮಿಷ ಚಿಲ್ಲರೆಯ ಒಂದು ಫ್ರೆಂಚ್ ಸಿನಿಮಾ ಇದೆ. ಹೆಸರು ‘ಸೆತೆ ಅಂ ರಾಂದೆವೂ’. ಮಾಡಿದವರು ಕ್ಲೋದ್ ಲೆಲೂಶ್, 1976ರಲ್ಲಿ. ಕಾರಿನ ಹುಚ್ಚು ಇರುವವರಿಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದರಲ್ಲಿ ಕಥೆ ಅಂತ ಏನೂ ಇಲ್ಲ. ಮಾತೂ ಇಲ್ಲ. ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ, ಪ್ಯಾರಿಸ್ ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಒಂದು ಕಾರು ಊರಿನ ಪಶ್ಚಿಮದ ಅಂಚಿನಿಂದ ಹೊರಟು ಮೋಂಮಾರ್ತ್ರ್ ಗುಡ್ಡದ ಮೇಲಿನ ಸಾಕ್ರೆ ಕರ್ ಚರ್ಚಿನ ತನಕ ಒಂದೇ ಉಸಿರಿಗೆ ಓಡುತ್ತದೆ. ಎಲ್ಲೂ ಕಟ್ ಇಲ್ಲ. ಕಾರು ಒಮ್ಮೆಯೂ ಕಾಣುವುದಿಲ್ಲ. ಕಾಣುವುದು ರಸ್ತೆ ಮಾತ್ರ, ಯಾಕೆಂದರೆ ಕ್ಯಾಮೆರಾ ಇರುವುದು ಮುಂದಿನ ಬಂಪರ್ ಹತ್ತಿರ.

ನಾನು ಇದನ್ನು ಮೊದಲು ನೋಡಿದ್ದು ಕಾಲೇಜು ಮುಗಿಸಿ ಬೆಂಗಳೂರಿಗೆ ಬಂದ ಹೊಸತರಲ್ಲಿ. ರಾತ್ರಿ, ರೂಮಿನಲ್ಲಿ, ಹೆಡ್‌ಫೋನ್ ಹಾಕಿಕೊಂಡು. ಎರಡನೇ ನಿಮಿಷಕ್ಕೆಲ್ಲ ನನ್ನ ಬಲಗಾಲು ನೆಲ ಒತ್ತುತ್ತಿತ್ತು, ಇಲ್ಲದ ಬ್ರೇಕ್ ಹುಡುಕುತ್ತಿತ್ತು. ಮುಗಿದಾಗ ಅಂಗೈ ಬೆವರಿತ್ತು. ತಕ್ಷಣ ಮತ್ತೆ ಹಾಕಿದೆ. ಆಮೇಲಿನ ವರ್ಷಗಳಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆ ರೋಮಾಂಚನವನ್ನು ಇಲ್ಲ ಅನ್ನೋಕೆ ನನ್ನಿಂದ ಆಗುವುದಿಲ್ಲ. ಇವತ್ತು ನೋಡಿದರೂ ಬರುತ್ತದೆ. ಆದರೆ ಈಚೆಗೆ ಅದರ ಜೊತೆಗೆ ಇನ್ನೊಂದು ಬರುತ್ತಿದೆ. ಅದನ್ನೇ ಬರೆಯೋಣ ಅಂತ ಕೂತೆ.

ಮೊದಲು ಸಿನಿಮಾ ಹೇಗೆ ಆಯಿತು ಅನ್ನೋದನ್ನ ಹೇಳಿಬಿಡುತ್ತೇನೆ. ಲೆಲೂಶ್ ಆಗ ಹೆಸರು ಮಾಡಿದ್ದ ನಿರ್ದೇಶಕ. ಹಿಂದಿನ ಸಿನಿಮಾದಲ್ಲಿ ಉಳಿದಿದ್ದ ಫಿಲ್ಮ್ ಕೈಯಲ್ಲಿತ್ತು. 35 ಎಂಎಂ ಫಿಲ್ಮಿನ ಒಂದು ರೀಲ್ ಅಂದರೆ 300 ಮೀಟರ್, ಹತ್ತು ಹನ್ನೊಂದು ನಿಮಿಷಕ್ಕೆ ಮುಗಿದುಹೋಗುತ್ತದೆ. ಕಟ್ ಮಾಡದೆ ಇಡೀ ಊರು ದಾಟಬೇಕು ಅಂದರೆ ಆ ಹತ್ತು ನಿಮಿಷದೊಳಗೇ ತಲುಪಬೇಕು. ವೇಗ ಬೇಕಾಗಿದ್ದಕ್ಕೆ ಅದೂ ಒಂದು ಕಾರಣ. ರಸ್ತೆ ಮುಚ್ಚಿಸಲು ಅನುಮತಿ ಇರಲಿಲ್ಲ. ಸ್ಟಿಯರಿಂಗ್ ಹಿಡಿದಿದ್ದು ಲೆಲೂಶ್ ಅವರೇ.

ಕಾರು ಪೋರ್ತ್ ದೋಫಿನ್ ಹತ್ತಿರದ ಸುರಂಗದಿಂದ ಹೊರಬರುತ್ತದೆ. ಅವೆನ್ಯೂ ಫಾಶ್, ಆರ್ಕ್ ದ ತ್ರಿಯೋಂಫ್, ಅಲ್ಲಿಂದ ಶಾಂಜೆಲಿಜೆಯ ಇಳಿಜಾರು, ಕಾಂಕಾರ್ಡ್ ಚೌಕ, ಲೂವ್ರ್ ಅರಮನೆ, ಓಪೆರಾ, ಪಿಗಾಲ್. ಆಮೇಲೆ ಗುಡ್ಡ ಹತ್ತುವ ಸಣ್ಣ ಸಣ್ಣ ಓಣಿಗಳು. ಕೆಂಪು ಸಿಗ್ನಲ್ ಒಂದಾದ ಮೇಲೊಂದು ಹಿಂದೆ ಹೋಗುತ್ತಲೇ ಇರುತ್ತವೆ. ಒನ್‌ವೇಯಲ್ಲಿ ಎದುರು ನುಗ್ಗುತ್ತದೆ. ಒಂದು ಕಡೆ ಕಸದ ಲಾರಿ ಅಡ್ಡ ನಿಂತಿದ್ದಕ್ಕೆ ಫುಟ್‌ಪಾತ್ ಹತ್ತಿ ದಾಟುತ್ತದೆ. ಪಾರಿವಾಳಗಳು ಕೊನೇ ಗಳಿಗೆಯಲ್ಲಿ ಎದ್ದು ಹಾರುತ್ತವೆ. ಕೊನೆಗೆ ಕಾರು ನಿಲ್ಲುತ್ತದೆ. ಡ್ರೈವರ್ ಇಳಿಯುತ್ತಾನೆ. ಮೆಟ್ಟಿಲು ಹತ್ತಿ ಬಂದ ಹೊಂಬಣ್ಣದ ಕೂದಲ ಹುಡುಗಿಯನ್ನು ಅಪ್ಪಿಕೊಳ್ಳುತ್ತಾನೆ. ಚರ್ಚಿನ ಗಂಟೆ ಬಾರಿಸುತ್ತದೆ. ಇಷ್ಟೆಲ್ಲ ಅವಸರ ಅವಳಿಗಾಗಿ!

ಈಗ ಮಜಾ ನೋಡಿ. ಸಿನಿಮಾ ಶುರುವಾಗುವಾಗಲೇ ಒಂದು ಬರಹ ಬರುತ್ತದೆ. ಇದರಲ್ಲಿ ಯಾವ ಟ್ರಿಕ್ಕೂ ಇಲ್ಲ, ಓಟದ ವೇಗವನ್ನು ಕೃತಕವಾಗಿ ಹೆಚ್ಚಿಸಿಲ್ಲ ಅಂತ. ಚಿತ್ರದ ಮಟ್ಟಿಗೆ ಅದು ನಿಜ. ಆದರೆ ನಾವು ಕೇಳುವ ಆ ಸದ್ದು? ಗೇರ್ ಇಳಿಸಿದಾಗ ಗೊಗ್ಗರು ದನಿಯಲ್ಲಿ ಗದರಿ, ಮತ್ತೆ ಕಿರುಚಿಕೊಂಡು ಮೇಲೇಳುವ ಆ ಎಂಜಿನ್? ಅದು ಫೆರಾರಿ 275 ಜಿಟಿಬಿಯದು. ಲೆಲೂಶ್ ಅವರ ಸ್ವಂತ ಕಾರು. ಆ ಬೆಳಿಗ್ಗೆ ರಸ್ತೆಯಲ್ಲಿ ಓಡಿದ್ದು ಬೇರೆ ಕಾರು, ಮರ್ಸಿಡಿಸ್ 450 ಎಸ್‌ಇಎಲ್ 6.9. ದೊಡ್ಡ, ಭಾರದ, ಆಟೊಮ್ಯಾಟಿಕ್ ಗೇರ್‌ನ ಸಾಹುಕಾರರ ಕಾರು. ಅದರ ಸಸ್ಪೆನ್ಷನ್ ಮೆತ್ತಗಿತ್ತು, ಕ್ಯಾಮೆರಾ ಕುಲುಕುವುದಿಲ್ಲ ಅಂತ ಆರಿಸಿಕೊಂಡಿದ್ದು. ಫೆರಾರಿಯ ಸದ್ದನ್ನು ಆಮೇಲೆ ಹಿಡಿದು ಚಿತ್ರಕ್ಕೆ ಅಂಟಿಸಿದರು. ಎಷ್ಟೋ ವರ್ಷ ಜನ, ಯಾರೋ ಫಾರ್ಮುಲಾ ಒನ್ ಡ್ರೈವರ್ ಫೆರಾರಿ ಓಡಿಸಿದ್ದು ಇದು, ಅಂತಲೇ ನಂಬಿದ್ದರು. ನಾನೂ ನಂಬಿದ್ದೆ.

ವೇಗದ ಕಥೆಯೂ ಹಾಗೇ. 200 ಕಿ.ಮೀ. ಮುಟ್ಟಿತ್ತು ಅಂತ ಲೆಲೂಶ್ ಹೇಳಿದ್ದಾರೆ. ಚಿತ್ರದಲ್ಲಿ ಕಾಣುವ ಗುರುತುಗಳನ್ನು ಹಿಡಿದು, ದೂರ ಅಳೆದು ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು 140ರ ಆಸುಪಾಸು. ನೀವೇ ಲೆಕ್ಕ ಹಾಕಿ. ದಾರಿ ಸುಮಾರು ಹತ್ತು ಕಿಲೋಮೀಟರ್, ಹೊತ್ತು ಎಂಟು ನಿಮಿಷದ ಮೇಲೆ ಸ್ವಲ್ಪ. ಸರಾಸರಿ ಗಂಟೆಗೆ 70-75 ಕಿ.ಮೀ. ನಮ್ಮ ಹೈವೇಯಲ್ಲಿ ಬಸ್ಸು ಹೋಗುವ ವೇಗ. ಮತ್ತೆ ಯಾಕೆ ಹೊಟ್ಟೆಯೊಳಗೆ ತಳಮಳ? ಕ್ಯಾಮೆರಾ ನೆಲಕ್ಕೆ ಹತ್ತಿರ ಇದೆ, ಅದಕ್ಕೆ. ಮೊಣಕಾಲಿನ ಎತ್ತರದಿಂದ ನೋಡಿದರೆ ರಸ್ತೆಯ ಕಲ್ಲುಗಳು ಮುಖಕ್ಕೇ ಬಂದು ಬಡಿದ ಹಾಗೆ ಆಗುತ್ತದೆ. ಅದರ ಮೇಲೆ ಫೆರಾರಿಯ ಕೂಗು.

ಅಂದರೆ ನನ್ನ ಅಂಗೈ ಬೆವರಿಸಿದ್ದರಲ್ಲಿ ಮುಕ್ಕಾಲು ಪಾಲು ಕೈಚಳಕ. ಕ್ಯಾಮೆರಾ ಇಟ್ಟ ಜಾಗ, ಅಂಟಿಸಿದ ಸದ್ದು. ಇದಕ್ಕೆ ನನ್ನ ತಕರಾರಿಲ್ಲ, ಸಿನಿಮಾ ಅಂದರೇ ಅದು. ತಕರಾರು ಇರೋದು ಇಲ್ಲಿ: ಅಪಾಯ ಮಾತ್ರ ಕೈಚಳಕ ಆಗಿರಲಿಲ್ಲ. ಆ ಕಸದ ಲಾರಿಯವರು ನಟರಲ್ಲ. ಬೆಳಗಿನ ಜಾವ ರಸ್ತೆ ದಾಟುತ್ತಿದ್ದವರಿಗೆ ಸಿನಿಮಾದ ವಿಷಯ ಯಾರೂ ಹೇಳಿರಲಿಲ್ಲ.

ಇದನ್ನು ಹೇಳುವಾಗ ಲೂವ್ರ್ ಹತ್ತಿರದ ಆ ಕಮಾನಿನ ಕಥೆ ಹೇಳದೆ ಇರೋಕೆ ಆಗಲ್ಲ. ಅರಮನೆಯ ಅಂಗಳದಿಂದ ಕಮಾನಿನ ಕೆಳಗೆ ನುಗ್ಗಿ ರಿವೋಲಿ ರಸ್ತೆಗೆ ಹೊರಬೀಳಬೇಕು. ಆ ಕಡೆ ಏನು ಬರುತ್ತಿದೆ ಅಂತ ಡ್ರೈವರ್‌ಗೆ ಕಾಣುವುದೇ ಇಲ್ಲ. ಅದಕ್ಕೆ ಲೆಲೂಶ್ ತಮ್ಮ ಸಹಾಯಕ ಎಲೀ ಶುರಾಕಿ ಅವರನ್ನು ವಾಕಿಟಾಕಿ ಕೊಟ್ಟು ಅಲ್ಲಿ ನಿಲ್ಲಿಸಿದ್ದರು. ಯಾರಾದರೂ ಅಡ್ಡ ಬಂದರೆ ಹೇಳು ಅಂತ. ಕಾರು ಕಮಾನಿಗೆ ಬಂತು. ವಾಕಿಟಾಕಿಯಲ್ಲಿ ಏನೂ ಕೇಳಲಿಲ್ಲ. ಸರಿ, ದಾರಿ ಖಾಲಿ ಇದೆ ಅಂತ ಲೆಲೂಶ್ ನುಗ್ಗಿಸಿದರು. ವಾಕಿಟಾಕಿ ಕೆಟ್ಟುಹೋಗಿತ್ತು ಅಂತ ಗೊತ್ತಾಗಿದ್ದು ಆಮೇಲೆ.

ಮೌನವೇ ಸಮ್ಮತಿ ಅಂತಾರಲ್ಲ, ಆ ಬೆಳಿಗ್ಗೆ ಆಗಿದ್ದು ಅದು. ಕೆಟ್ಟ ಯಂತ್ರದ ಮೌನ. ಕಮಾನಿನ ಆಚೆ ಒಬ್ಬ ಸೈಕಲ್‌ನವನು ಇದ್ದಿದ್ದರೆ ಈ ಸಿನಿಮಾ ನಾವು ನೋಡುತ್ತಿರಲಿಲ್ಲ. ಅಥವಾ ನೋಡುತ್ತಿದ್ದೆವು, ಕೋರ್ಟಿನಲ್ಲಿ ಸಾಕ್ಷಿಯಾಗಿ.

ಲೆಲೂಶ್ ಒಬ್ಬರೇ ಅಲ್ಲ. 1971ರ ‘ದಿ ಫ್ರೆಂಚ್ ಕನೆಕ್ಷನ್’ ನೋಡಿದವರಿಗೆ ಆ ಚೇಸ್ ಮರೆಯಲು ಸಾಧ್ಯವಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮೇಲೆ ಕಂಬದ ಮೇಲಿನ ಹಳಿಯಲ್ಲಿ ರೈಲು, ಕೆಳಗೆ ಅದನ್ನು ಬೆನ್ನಟ್ಟುವ ಕಾರು. ಅದರ ಒಂದು ಭಾಗವನ್ನು ನಿರ್ದೇಶಕ ವಿಲಿಯಂ ಫ್ರೀಡ್‌ಕಿನ್ ತೆಗೆದದ್ದು ಜನ ಓಡಾಡುವ ರಸ್ತೆಯಲ್ಲೇ, ಅನುಮತಿ ಇಲ್ಲದೆ. ಸ್ಟಂಟ್ ಡ್ರೈವರ್ ಬಿಲ್ ಹಿಕ್‌ಮನ್ ಇಪ್ಪತ್ತಾರು ಬ್ಲಾಕ್ ಉದ್ದಕ್ಕೂ ಗಂಟೆಗೆ 90 ಮೈಲಿಯ ತನಕ ಓಡಿಸಿದರು. ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಹಿಡಿದು ಕೂತವರು ಫ್ರೀಡ್‌ಕಿನ್ ತಾವೇ. ಕ್ಯಾಮೆರಾದ ಹುಡುಗರಿಗೆ ಹೆಂಡತಿ ಮಕ್ಕಳಿದ್ದಾರೆ, ನನಗಿಲ್ಲ ಅನ್ನುವುದು ಅವರ ಲೆಕ್ಕ. ಇದನ್ನು ಓದಿದಾಗ ದೊಡ್ಡ ಮನಸ್ಸು ಅನ್ನಿಸಿತು. ಮರುಕ್ಷಣವೇ, ರಸ್ತೆಯಲ್ಲಿ ಇದ್ದವರಿಗೂ ಹೆಂಡತಿ ಮಕ್ಕಳು ಇದ್ದರಲ್ಲ ಅನ್ನಿಸಿತು. ಸಿನಿಮಾದಲ್ಲಿ ಕಾಣುವ ಒಂದು ಡಿಕ್ಕಿ ನಿಜವಾದದ್ದು. ಶೂಟಿಂಗ್ ನಡೀತಿದೆ ಅಂತ ಗೊತ್ತೇ ಇಲ್ಲದೆ ಕೆಲಸಕ್ಕೆ ಹೊರಟಿದ್ದ ಒಬ್ಬರ ಕಾರು ಅಡ್ಡ ಬಂದಿತ್ತು. ರಿಪೇರಿ ಖರ್ಚು ಕೊಟ್ಟು, ಆ ಡಿಕ್ಕಿಯನ್ನು ಸಿನಿಮಾದಲ್ಲೇ ಇಟ್ಟುಕೊಂಡರು. ಆ ಸಿನಿಮಾಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು, ಫ್ರೀಡ್‌ಕಿನ್ ಅವರಿಗೂ ಬಂತು. ವಯಸ್ಸಾದ ಮೇಲೆ, ಅಂಥ ಕೆಲಸ ಇನ್ನೊಮ್ಮೆ ಮಾಡಲಾರೆ ಅಂತ ಅವರೇ ಹೇಳಿದರು. ಹಾಗೆ ಒಪ್ಪಿಕೊಂಡಿದ್ದಕ್ಕೆ ನನಗೆ ಅವರ ಮೇಲೆ ಗೌರವ ಜಾಸ್ತಿ ಆಯಿತು.

ಅಪಾಯ ಇಲ್ಲದಿದ್ದರೆ ಥ್ರಿಲ್ ಬರಲ್ಲ ಅನ್ನುವವರಿಗೆ 1968ರ ‘ಬುಲಿಟ್’ ಇದೆ. ಸ್ಯಾನ್‌ಫ್ರಾನ್ಸಿಸ್ಕೋದ ಏರಿಳಿತದ ರಸ್ತೆಗಳಲ್ಲಿ ಹತ್ತು ನಿಮಿಷಕ್ಕೂ ಮೀರಿದ ಚೇಸ್. ಊರಿನ ಆಡಳಿತದ ಒಪ್ಪಿಗೆ ಪಡೆದು, ರಸ್ತೆ ತಡೆದು, ಪಳಗಿದ ಡ್ರೈವರ್‌ಗಳನ್ನು ಕೂರಿಸಿ ತೆಗೆದದ್ದು. ಅದೇ ಹಸಿರು ಫೋಕ್ಸ್‌ವ್ಯಾಗನ್ ಬೀಟಲ್ ಮತ್ತೆ ಮತ್ತೆ ಸಿಗುತ್ತದೆ, ಮತ್ತೆ ಮತ್ತೆ ಹಿಂದೆ ಬೀಳುತ್ತದೆ. ಎಲ್ಲ ಜೋಡಿಸಿದ್ದು ಅಂತ ಗೊತ್ತಾದ ಮೇಲೂ ನನ್ನ ಎದೆ ಡವಗುಟ್ಟುವುದು ನಿಂತಿಲ್ಲ.

ಈಗ ನನ್ನ ಅಮ್ಮನ ವಿಷಯ.

ಅಮ್ಮ ಇರುವುದು ಮೈಸೂರಿನಲ್ಲಿ. ಬೆಳಿಗ್ಗೆ ಐದೂವರೆಗೆ ಹಾಲಿನ ಬೂತಿಗೆ ಹೋಗುವುದು ಅವರ ರೂಢಿ. ನಾವು ತಂದುಕೊಡುತ್ತೇವೆ ಅಂದರೂ ಕೇಳಲ್ಲ. ಆ ಹೊತ್ತಿನ ಗಾಳಿ ಬೇಕು, ಬರುವಾಗ ದೇವರಿಗೆ ನಾಲ್ಕು ದಾಸವಾಳ ಬೇಕು. ಹೋದ ವರ್ಷ ರಜೆಗೆ ಹೋಗಿದ್ದಾಗ ನಾನೂ ಜೊತೆಗೆ ಹೊರಟೆ. ಬೂತಿನ ಎದುರಿನ ರಸ್ತೆ ಅಗಲವಾಗಿದೆ, ಆ ಹೊತ್ತಿನಲ್ಲಿ ಖಾಲಿ. ಅಮ್ಮ ಹಾಲು ತಗೊಂಡು ವಾಪಸ್ ದಾಟುತ್ತಿದ್ದರು. ನಾನು ಈಚೆ ನಿಂತಿದ್ದೆ. ಸದ್ದು ಮೊದಲು ಬಂತು. ಬೈಕು ಆಮೇಲೆ. ಹೆಲ್ಮೆಟ್ ಮೇಲೆ ಸಣ್ಣ ಕ್ಯಾಮೆರಾ, ಅದರ ಕೆಂಪು ಚುಕ್ಕೆ ಉರಿಯುತ್ತಿತ್ತು. ಅಷ್ಟು ಮಾತ್ರ ಕಂಡಿದ್ದು. ಅಮ್ಮ ಒಂದು ಹೆಜ್ಜೆ ಹಿಂದಿಟ್ಟರು. ಸೆರಗು ಗಾಳಿಗೆ ಮುಂದಕ್ಕೆ ಹೋಯಿತು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

ಅವರಿಗೆ ಏನೂ ಆಗಲಿಲ್ಲ. ಒಂದು ಹಾಲಿನ ಪ್ಯಾಕೆಟ್ ಒಡೆದು ರಸ್ತೆ ಮೇಲೆ ಬೆಳ್ಳಗೆ ಹರಿಯುತ್ತಿತ್ತು. ನಾನು ಓಡಿಹೋಗಿ ಕೈ ಹಿಡಿದೆ. ಕೈ ನಡುಗುತ್ತಿತ್ತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ‘ಅವನು ನನ್ನನ್ನ ನೋಡೇ ಇಲ್ಲ ಕಣೋ’ ಅಂದರು. ಮನೆಗೆ ಬಂದ ಮೇಲೂ ಎರಡು ಸಲ ಅದನ್ನೇ ಹೇಳಿದರು.

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಗಂಟೆಗೆ 100 ಕಿ.ಮೀ. ಅಂದರೆ ಒಂದು ಸೆಕೆಂಡಿಗೆ ಸುಮಾರು 28 ಮೀಟರ್. ಕ್ರಿಕೆಟ್ ಪಿಚ್ಚಿನ ಉದ್ದ 20 ಮೀಟರ್ ಚಿಲ್ಲರೆ. ಯಾರೋ ಅಡ್ಡ ಬಂದರು ಅಂತ ಕಣ್ಣಿಗೆ ಬಿದ್ದು, ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿ ಒಂದು ಪಿಚ್ ಪೂರ್ತಿ ಹಿಂದೆ ಹೋಗಿರುತ್ತದೆ. ಬ್ರೇಕ್ ಇನ್ನೂ ಹಿಡಿದೇ ಇಲ್ಲ. ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕರಷ್ಟಾಗುತ್ತದೆ. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಬಹುಪಾಲು ಸಾವುಗಳಿಗೆ ಕೊಟ್ಟ ಕಾರಣ ಅತಿವೇಗ.

ನಮ್ಮ ಫ್ಲೈಓವರ್‌ಗಳ ಮೇಲೆ ಈಗ ರೀಲ್ಸ್ ಮಾಡುತ್ತಾರಲ್ಲ, ವ್ಹೀಲಿ, ಲಾರಿಗಳ ಸಂದಿಯಲ್ಲಿ ನುಸುಳುವುದು, ಹಿನ್ನೆಲೆಯಲ್ಲಿ ಒಂದು ಮಾಸ್ ಹಾಡು. ಆ ಹುಡುಗರು ಲೆಲೂಶ್ ಹೆಸರೂ ಕೇಳಿರಲಾರರು. ಆದರೂ ಕ್ಯಾಮೆರಾ ಇಡುವುದು ಅದೇ ಜಾಗದಲ್ಲಿ. ಬಂಪರ್‌ನಲ್ಲಿ, ಟ್ಯಾಂಕ್ ಮೇಲೆ, ಹೆಲ್ಮೆಟ್‌ನಲ್ಲಿ. ಅಲ್ಲಿಂದ ನೋಡಿದರೆ ಎದುರು ಬರುವ ಮನುಷ್ಯ ತಪ್ಪಿಸಿಕೊಂಡು ಹೋಗಬೇಕಾದ ಒಂದು ಅಡ್ಡಿ. ಅರ್ಧ ಸೆಕೆಂಡು ಇರುತ್ತಾನೆ, ಫ್ರೇಮಿನಿಂದ ಆಚೆ ಹೋಗುತ್ತಾನೆ. ಅಲ್ಲಿಗೆ ಅವನ ಕಥೆ ಮುಗಿಯಿತು.

ಕ್ಯಾಮೆರಾವನ್ನು ಇನ್ನೊಂದು ಕಡೆ ಇಟ್ಟವರೂ ಇದ್ದಾರೆ. ನಮ್ಮ ಶಂಕರ್ ನಾಗ್. ಎಂಬತ್ತರ ದಶಕದ ಮಧ್ಯದಲ್ಲಿ ಅವರು ನಿರ್ದೇಶಿಸಿದ ‘ಆಕ್ಸಿಡೆಂಟ್’ ನೆನಪಿದೆಯಾ? ಅಮಲಿನಲ್ಲಿರುವ ದೊಡ್ಡ ಮನೆಯ ಹುಡುಗ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹತ್ತಿಸುತ್ತಾನೆ. ಅನಂತ್ ನಾಗ್ ಅವನ ರಾಜಕಾರಣಿ ಅಪ್ಪ. ಬೆನ್ನುಹತ್ತುವ ಪತ್ರಕರ್ತ ಶಂಕರ್ ನಾಗ್ ಅವರೇ. ಹಾಡು, ಕುಣಿತ ಏನೂ ಇಲ್ಲ. ಕಾರು ಓಡುವುದು ಸ್ವಲ್ಪ ಹೊತ್ತು. ಉಳಿದ ಸಿನಿಮಾ ಪೂರ್ತಿ ಆಮೇಲಿನದ್ದು. ಯಾರು ಸತ್ತರು, ಯಾರು ಮುಚ್ಚಿಟ್ಟರು, ಯಾರು ಬಾಯಿ ಬಿಟ್ಟರು. ಆ ಸಿನಿಮಾ ಮಾಡಿದ ಮನುಷ್ಯ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ, ಹೆದ್ದಾರಿಯ ಅಪಘಾತದಲ್ಲೇ ಹೋದರು. ಈ ಎರಡನ್ನೂ ಒಟ್ಟಿಗೆ ನೆನೆದರೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಹಾಗಂತ ಲೆಲೂಶ್ ಸಿನಿಮಾವನ್ನು ಯಾರೂ ನೋಡಬೇಡಿ ಅನ್ನಲಾರೆ. ಅದರಲ್ಲಿ ಬೆಳಗಿನ ಪ್ಯಾರಿಸ್ ಎಷ್ಟು ಚೆನ್ನಾಗಿದೆ ಗೊತ್ತಾ? ನೀಲಿ ಬೆಳಕು, ಖಾಲಿ ಶಾಂಜೆಲಿಜೆ. ಹಾಗೆ ಆ ಊರನ್ನು ಬೇರೆ ಯಾರೂ ತೋರಿಸಿಲ್ಲ. ನೋಡಿ. ಆದರೆ ಒಂದು ಸಲ ಸದ್ದು ಪೂರ್ತಿ ತೆಗೆದು ನೋಡಿ. ಫೆರಾರಿ ಇಲ್ಲದೆ. ಆಗ ಕಣ್ಣು ತಾನಾಗಿ ರಸ್ತೆಯ ಅಂಚಿಗೆ ಹೋಗುತ್ತದೆ.

ಕಳೆದ ತಿಂಗಳು ಅಮ್ಮನಿಗೆ ಹಾಗೆ ತೋರಿಸಿದೆ, ಲ್ಯಾಪ್‌ಟಾಪ್‌ನಲ್ಲಿ, ಸದ್ದಿಲ್ಲದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಿದ್ದರು. ಪಾರಿವಾಳ ಎದ್ದಾಗ ‘ಅಯ್ಯೋ’ ಅಂದರು. ಗುಡ್ಡದ ಮೇಲೆ ಕಾರು ನಿಂತಿತು, ಹುಡುಗ ಹುಡುಗಿ ಅಪ್ಪಿಕೊಂಡರು. ಚೆನ್ನಾಗಿದೆಯಾ ಅಂತ ಕೇಳಿದೆ.

‘ಸ್ವಲ್ಪ ಹಿಂದಕ್ಕೆ ಹಾಕು’ ಅಂದರು. ‘ಮಧ್ಯದಲ್ಲಿ ಒಬ್ಬರು ರಸ್ತೆ ದಾಟ್ತಾ ಇದ್ದರಲ್ಲ, ಅವರನ್ನ ಸರಿಯಾಗಿ ನೋಡೋಕೇ ಆಗಲಿಲ್ಲ.’

ಹಿಂದಕ್ಕೆ ಹಾಕಿದೆ. ಅಲ್ಲಿಗೆ ಬಂದಾಗ ನಿಲ್ಲಿಸಿದೆ. ಮಸುಕು ಮಸುಕಾಗಿ ಒಂದು ಆಕೃತಿ, ಮುಖ ಕಾಣುತ್ತಿರಲಿಲ್ಲ. ಅಮ್ಮ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತರು.